ಮಗಳಿಗೆ ಕೌಸ್ಟ್‌ನಲ್ಲಿ ಸೀಟು ಸಿಕ್ಕಿದೆ, ಆ ಊರು ಗೊತ್ತಿದ್ದವರು ದಯವಿಟ್ಟು ಹೇಳಿ

ಕೋಟದ ಟೀಚರ್ | ಶನಿವಾರ, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ನಾನು ಕೋಟದ ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಮಗಳು ಸುರತ್ಕಲ್‌ನಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಮುಗಿಸಿದಳು. ಈಗ ಸೌದಿ ಅರೇಬಿಯಾದ ಕೌಸ್ಟ್ ವಿಶ್ವವಿದ್ಯಾಲಯದಿಂದ ಎಂ.ಎಸ್. ಮತ್ತು ಪಿಎಚ್.ಡಿ.ಗೆ ಕರೆ ಬಂದಿದೆ. ಸಮುದ್ರದ ನೀರನ್ನು ಕುಡಿಯುವ ನೀರಾಗಿ ಮಾಡುವುದು ಅವಳ ವಿಷಯ.

ಅದು ಬರೀ ಕಾಲೇಜಲ್ಲ, ಓದು ಮತ್ತು ಸಂಶೋಧನೆಗೆ ಅಂತಲೇ ಕಡಲ ದಂಡೆಯಲ್ಲಿ ಕಟ್ಟಿದ ಇಡೀ ಊರು ಎನ್ನುತ್ತಾಳೆ. ನಮ್ಮ ಮನೆಗೆ ಸೌದಿ ಹೊಸದೇನಲ್ಲ. ಅವಳ ಚಿಕ್ಕಪ್ಪ ಜುಬೈಲ್‌ನಲ್ಲಿ 18 ವರ್ಷ ದುಡಿದು ಬಂದವರು. ಅವರೇ ಬೇಡ ಅಂತಿದ್ದಾರೆ. "ಗಂಡಸರಿಗೇ ಕಷ್ಟ, ಹುಡುಗಿ ಒಬ್ಬಳೇ ಹೇಗಿರ್ತಾಳೆ" ಎಂದು ಅವರ ಮಾತು. ಮಗಳು ಒಂದು ವಾರದಿಂದ ಸರಿಯಾಗಿ ಊಟ ಮಾಡಿಲ್ಲ. ಎರಡು ವಾರದೊಳಗೆ ಉತ್ತರ ಕೊಡಬೇಕು.

ಅಲ್ಲಿ ಇದ್ದು ಬಂದವರು ಯಾರಾದರೂ ಇದ್ದರೆ ಒಳ್ಳೆಯದು ಕೆಟ್ಟದ್ದು ಎರಡನ್ನೂ ಹೇಳಿ.

ಕೆಂಪುಕಡಲು | ಶನಿವಾರ, ರಾತ್ರಿ 10:45

ಟೀಚರ್, ನಾನು ಆ ಊರಲ್ಲಿ ಆರು ವರ್ಷ ಇದ್ದೆ. ಯಜಮಾನರು ಅಲ್ಲಿ ಸಂಶೋಧಕರಾಗಿದ್ದರು. ನನ್ನ ಎರಡನೇ ಮಗು ಹುಟ್ಟಿದ್ದು ಆ ಕಾಲದಲ್ಲೇ. ಗೊತ್ತಿರುವುದನ್ನು ಪೂರ್ತಿ ಹೇಳ್ತೀನಿ, ಸ್ವಲ್ಪ ಉದ್ದ ಆಗಬಹುದು.

ಊರಿನ ಹೆಸರು ಥುವಲ್. ಜೆಡ್ಡಾದಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್. ಮೊದಲು ಅಲ್ಲಿದ್ದದ್ದು ಮೀನುಗಾರರ ಒಂದು ಸಣ್ಣ ಹಳ್ಳಿ, ಅಷ್ಟೇ. ಅದರ ಪಕ್ಕದ ಮರಳುಗಾಡಿನಲ್ಲಿ 2007ರಲ್ಲಿ ಅಡಿಗಲ್ಲು ಹಾಕಿದರು. 2009ರ ಸೆಪ್ಟೆಂಬರ್ 23ಕ್ಕೆ, ಅವರ ರಾಷ್ಟ್ರೀಯ ದಿನದಂದು, ಉದ್ಘಾಟನೆಯೂ ಆಯಿತು. ಕಟ್ಟಿಸುವ ಹೊಣೆ ಹೊತ್ತದ್ದು ಅರಾಮ್ಕೊ, ಅವರ ತೈಲ ಕಂಪನಿ. ಕಡಲಿನ ಭಾಗವೂ ಸೇರಿ ಒಟ್ಟು ಜಾಗ 36 ಚದರ ಕಿಲೋಮೀಟರ್.

ಅಲ್ಲಿ ಬಿ.ಇ., ಬಿ.ಎಸ್ಸಿ. ಇಲ್ಲ. ಎಂ.ಎಸ್. ಮತ್ತು ಪಿಎಚ್.ಡಿ. ಮಾತ್ರ. ಫೀಸು ಇಲ್ಲ. ಇರಲು ಮನೆ, ಆರೋಗ್ಯ ವಿಮೆ, ಕೈಗೆ ವಿದ್ಯಾರ್ಥಿವೇತನ ಎಲ್ಲ ಕೊಡುತ್ತಾರೆ. ನಿಮ್ಮಿಂದ ಸಾಲ ಮಾಡಿಸುವ ಓದಲ್ಲ ಅದು. ಈ ಒಂದು ಮಾತನ್ನು ಚಿಕ್ಕಪ್ಪನವರಿಗೆ ಮೊದಲು ಹೇಳಿ.

ಈಗ ಹುಡುಗಿಯರ ವಿಷಯ. ಸೌದಿಯಲ್ಲಿ ಹುಡುಗ ಹುಡುಗಿಯರು ಒಟ್ಟಿಗೆ ಕೂತು ಓದಿದ ಮೊದಲ ವಿಶ್ವವಿದ್ಯಾಲಯ ಅದೇ. ದೇಶದಲ್ಲಿ ಹೆಂಗಸರಿಗೆ ಕಾರು ಓಡಿಸಲು ಬಿಟ್ಟದ್ದು 2018ರ ಜೂನ್‌ನಲ್ಲಿ. ಕೌಸ್ಟ್ ಬೇಲಿಯೊಳಗೆ ನಾವು ಅದಕ್ಕೂ ಮುಂಚೆಯೇ ಓಡಿಸುತ್ತಿದ್ದೆವು. ಒಳಗೆ ಸಿನಿಮಾ ಮಂದಿರವೂ ಇತ್ತು. ಒಳಗಡೆ ಅಬಾಯಾ (ಮೈ ಮುಚ್ಚುವ ಉದ್ದ ನಿಲುವಂಗಿ) ಯಾವತ್ತೂ ಕಡ್ಡಾಯ ಇರಲಿಲ್ಲ. ಹೊರಗೆ ಜೆಡ್ಡಾಕ್ಕೆ ಹೋಗುವಾಗ ಹಾಕಿಕೊಳ್ಳುತ್ತಿದ್ದೆವು, ಈಗ ಮೈತುಂಬ ಬಟ್ಟೆ ಇದ್ದರೆ ಸಾಕು. ರಾತ್ರಿ ಹನ್ನೆರಡಕ್ಕೆ ಲ್ಯಾಬ್ ಮುಗಿಸಿ ಹುಡುಗಿಯರು ಒಬ್ಬೊಬ್ಬರೇ ಸೈಕಲ್ ತುಳಿದುಕೊಂಡು ಮನೆಗೆ ಹೋಗುವುದನ್ನು ನಾನು ಬಾಲ್ಕನಿಯಿಂದ ದಿನಾ ನೋಡುತ್ತಿದ್ದೆ. ಆ ಆರು ವರ್ಷದಲ್ಲಿ ನಾನು ಬಾಗಿಲ ಬೀಗದ ಬಗ್ಗೆ ಯೋಚನೆ ಮಾಡಿದ್ದು ಕಡಿಮೆ.

ಕಷ್ಟಗಳೂ ಇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲು ಹೊರಗೆ ಕಾಲಿಡಲು ಆಗಲ್ಲ. ಬಿಸಿಲು ಒಂದು ಕಡೆ, ಕಡಲಿನ ಸೆಕೆ ಇನ್ನೊಂದು ಕಡೆ. ಕನ್ನಡಕ ಹಾಕಿಕೊಂಡು ಎ.ಸಿ. ಮನೆಯಿಂದ ಹೊರಬಂದರೆ ಗಾಜು ಪೂರ್ತಿ ಮಂಜಾಗುತ್ತದೆ. ದೇವಸ್ಥಾನ ಇಲ್ಲ. ಬೇರೆ ಧರ್ಮದವರ ಪೂಜೆಗೆ ಸಾರ್ವಜನಿಕ ಜಾಗ ಆ ದೇಶದಲ್ಲೇ ಇಲ್ಲ. ಮನೆಯೊಳಗೆ ದೀಪ ಹಚ್ಚಿದರೆ ಯಾರೂ ಕೇಳಲ್ಲ. ಸಸ್ಯಾಹಾರಕ್ಕೆ ತೊಂದರೆ ಇಲ್ಲ, ಜೆಡ್ಡಾದ ಅಂಗಡಿಗಳಲ್ಲಿ ಕುಚ್ಚಲಕ್ಕಿಯಿಂದ ಕರಿಬೇವಿನವರೆಗೆ ಸಿಗುತ್ತದೆ.

ಇನ್ನೂ ಇದೆ, ನಾಳೆ ಬರೀತೀನಿ.

ಕೋಟದ ಟೀಚರ್ | ಶನಿವಾರ, ರಾತ್ರಿ 11:05

ಅಕ್ಕ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಸೈಕಲ್ ವಿಷಯ ಓದಿ ಮಗಳು ಎದ್ದು ಬಂದು ಎರಡು ದೋಸೆ ತಿಂದಳು.

ಬಯಲುಸೀಮೆ | ಭಾನುವಾರ, ಬೆಳಿಗ್ಗೆ 7:30

ನಾನು ಅಲ್ಲಿಗೆ ಹೋದವನಲ್ಲ, ಆದರೂ ಒಂದು ಪ್ರಶ್ನೆ ಕೇಳಬೇಕು ಅನಿಸಿತು. ದುಡ್ಡು ಸುರಿದು ಮರಳಿನ ಮೇಲೆ ಊರು ಕಟ್ಟಿದರೆ ವಿಜ್ಞಾನ ಬರುತ್ತದಾ? ಹಳೆಯ ವಿದ್ಯಾಕೇಂದ್ರಗಳು ನೂರಾರು ವರ್ಷ ಬೆಳೆದಂಥವು. ಸುತ್ತ ಪೇಟೆ, ಪುಸ್ತಕದಂಗಡಿ, ವಾದ ಮಾಡುವ ಜನ, ಪತ್ರಿಕೆ ಎಲ್ಲ ಇತ್ತು. ಇಲ್ಲಿ ಗೇಟಿನ ಒಳಗೆ ಒಂದು ಕಾನೂನು, ಹೊರಗೆ ಇನ್ನೊಂದು. ಅಂಥ ಕಡೆ ಹುಡುಗಿ ಐದಾರು ವರ್ಷ ಕಳೆದರೆ ಅವಳಿಗೆ ಲೋಕ ಗೊತ್ತಾಗುತ್ತದಾ? ಟೀಚರ್ ಅವರನ್ನು ಹೆದರಿಸಲು ಹೇಳುತ್ತಿಲ್ಲ. ನನಗೂ ಮಗಳಿದ್ದಾಳೆ.

ಜೆಡ್ಡಾ ಕನ್ನಡಿಗ | ಭಾನುವಾರ, ಬೆಳಿಗ್ಗೆ 9:10

ಬಯಲುಸೀಮೆಯವರೇ, ನಿಮ್ಮ ಪ್ರಶ್ನೆ ಸರಿಯಾಗಿಯೇ ಇದೆ. ಇದನ್ನು ಸೌದಿಯವರೇ ಆಗ ಜೋರಾಗಿ ಕೇಳಿದ್ದರು. ಹುಡುಗ ಹುಡುಗಿಯರು ಒಟ್ಟಿಗೆ ಓದುವುದನ್ನು 2009ರಲ್ಲಿ ಒಬ್ಬ ಹಿರಿಯ ಧರ್ಮಪಂಡಿತರು ಟಿವಿಯಲ್ಲಿ ಟೀಕಿಸಿದರು. ಆಗಿನ ದೊರೆ ಅಬ್ದುಲ್ಲಾ ಆ ಪಂಡಿತರನ್ನು ಉಲೇಮಾಗಳ (ಹಿರಿಯ ಧರ್ಮಪಂಡಿತರ) ಮಂಡಳಿಯಿಂದಲೇ ತೆಗೆದರು. ಆ ಕಾಲಕ್ಕೆ ಅದು ಸಣ್ಣ ವಿಷಯ ಆಗಿರಲಿಲ್ಲ.

ದೊರೆಯ ಮನಸ್ಸಿನಲ್ಲಿದ್ದದ್ದು ಬಾಗ್ದಾದಿನ ಹಳೆಯ 'ಜ್ಞಾನದ ಮನೆ'. ಸಾವಿರ ವರ್ಷಕ್ಕೂ ಹಿಂದೆ ಗ್ರೀಕ್, ಪಾರ್ಸಿ, ನಮ್ಮ ಸಂಸ್ಕೃತದ ಗ್ರಂಥಗಳನ್ನು ಅರಬ್ಬಿಗೆ ತಂದ ಕಾಲ ಅದು. ಅಂಥದ್ದು ಮತ್ತೆ ಆಗಬೇಕು ಎಂದು ಅವರು ಹೇಳುತ್ತಿದ್ದರು. ಹಣವನ್ನೂ ಹಾಗೇ ಇಟ್ಟರು. ಸುಮಾರು 10 ಬಿಲಿಯನ್ ಡಾಲರ್ ಮೂಲನಿಧಿ. ಮೊದಲ ಅಧ್ಯಕ್ಷರಾಗಿ ಸಿಂಗಾಪುರದ ರಾಷ್ಟ್ರೀಯ ವಿಶ್ವವಿದ್ಯಾಲಯ ನಡೆಸಿದ್ದ ಶಿಹ್ ಚೂನ್ ಫಾಂಗ್ ಬಂದರು. ಆಮೇಲೆ ಅಮೆರಿಕದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದಿಂದ ಜಾನ್-ಲೂ ಶಮೋ.

ನಾನು ಜೆಡ್ಡಾದಲ್ಲಿ ಕಟ್ಟಡದ ವಿದ್ಯುತ್ ಕೆಲಸದವನು. ಕಟ್ಟಡಗಳ ಬಗ್ಗೆ ನಾನು ಹೇಳಬಲ್ಲೆ. ಹಳೆಯ ಅರಬ್ ಪೇಟೆಗಳ ಹಾಗೆ ಕಟ್ಟಡಗಳನ್ನು ಒತ್ತೊತ್ತಾಗಿ ಇಟ್ಟಿದ್ದಾರೆ. ನಡುವೆ ನೆರಳಿನ ಓಣಿ. ಎಲ್ಲದರ ಮೇಲೆ ಹರಡಿಕೊಂಡ ಒಂದು ದೊಡ್ಡ ಮಾಡು, ಅದರ ಮೇಲೆ ಸೋಲಾರ್. ಎರಡು ಎತ್ತರದ ಗೋಪುರಗಳಿವೆ. ಬಿಸಿಲಿಗೆ ಗೋಪುರದೊಳಗಿನ ಗಾಳಿ ಕಾದು ಮೇಲೇರುತ್ತದೆ, ಆ ಎಳೆತಕ್ಕೆ ಕೆಳಗಿನ ಓಣಿಯಲ್ಲಿ ಗಾಳಿ ಆಡುತ್ತದೆ. ನಮ್ಮ ಕಡೆ ಅಡುಗೆಮನೆಯ ಹೊಗೆಗೂಡು ಕೆಲಸ ಮಾಡುವ ರೀತಿಯೇ ಅದು. 2010ರಲ್ಲಿ ಪರಿಸರಸ್ನೇಹಿ ಕಟ್ಟಡಗಳಿಗೆ ಕೊಡುವ ಲೀಡ್ ಪ್ಲಾಟಿನಂ ಪ್ರಮಾಣಪತ್ರ ಸಿಕ್ಕಿತು, ಸೌದಿಯಲ್ಲಿ ಅದೇ ಮೊದಲು.

ಬಂದರಿನ ಬಾಯಲ್ಲಿ 60 ಮೀಟರ್ ಎತ್ತರದ ದೀಪದ ಕಂಬ ಇದೆ. ನಮ್ಮ ಕಾಪು ದೀಪಸ್ತಂಭದ ಎರಡು ಪಟ್ಟಿಗಿಂತ ಜಾಸ್ತಿ. ಸಂಜೆ ಹೊತ್ತು ಅದರ ತೂತುಗಳಿಂದ ಬೆಳಕು ಬರುವಾಗ ನೋಡಲು ತುಂಬ ಚೆನ್ನ.

ಇಷ್ಟೆಲ್ಲ ಕಟ್ಟಿದ ಕೈಗಳು ಯಾರದ್ದು ಎನ್ನುವುದನ್ನೂ ಹೇಳಬೇಕು. ಹೆಚ್ಚಿನವರು ನಮ್ಮ ದೇಶ, ನೆರೆ ದೇಶಗಳಿಂದ ಬಂದ ಕೂಲಿಯವರು. ಕೆಲಸ ಮುಗಿದ ಮೇಲೆ ಅವರು ಆ ಗೇಟಿನೊಳಗೆ ಹೋಗುವ ಹಾಗಿಲ್ಲ. ಅಲ್ಲಿ ಓದುವ ಮಕ್ಕಳು ಇದನ್ನು ನೆನಪಿಟ್ಟುಕೊಳ್ಳಲಿ ಎಂದು ನನ್ನ ಆಸೆ.

ಹವಳ | ಭಾನುವಾರ, ಮಧ್ಯಾಹ್ನ 1:15

ನಾನು ಈಗ ಅಲ್ಲೇ ಕಡಲ ಜೀವಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಊರು ಹೊನ್ನಾವರ. "ಮರಳಿನ ಮೇಲೆ ವಿಜ್ಞಾನ ಬರುತ್ತದಾ" ಎಂದು ಬಯಲುಸೀಮೆ ಸರ್ ಕೇಳಿದ್ದಕ್ಕೆ ನನ್ನ ಉತ್ತರ: ಅಲ್ಲಿಯ ವಿಜ್ಞಾನ ಮರಳಿನಿಂದ ಬಂದದ್ದಲ್ಲ, ನೀರಿನಿಂದ ಬಂದದ್ದು.

ಕೆಂಪು ಸಮುದ್ರಕ್ಕೆ ಸೇರುವ ಜೀವನದಿ ಒಂದೂ ಇಲ್ಲ. ಮಳೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಬಿಸಿಲಿಗೆ ನೀರು ಆವಿಯಾಗುತ್ತಲೇ ಇರುತ್ತದೆ. ಹಾಗಾಗಿ ಒಂದು ಲೀಟರಿನಲ್ಲಿ ಸುಮಾರು 40 ಗ್ರಾಂ ಉಪ್ಪು. ನಮ್ಮ ಹೊನ್ನಾವರದ ಕಡಲಲ್ಲಿ 35ರ ಆಸುಪಾಸು, ಮಳೆಗಾಲದಲ್ಲಿ ಶರಾವತಿ ಸೇರುವ ಕಡೆ ಇನ್ನೂ ಕಡಿಮೆ. ಬೇಸಿಗೆಯಲ್ಲಿ ಥುವಲ್ ಎದುರಿನ ನೀರು 32 ಡಿಗ್ರಿ ಮುಟ್ಟುತ್ತದೆ. ಇಂಥ ಉಪ್ಪಲ್ಲಿ, ಇಂಥ ಬಿಸಿಯಲ್ಲಿ ಹವಳ ಬದುಕಿದೆ. ಬೇರೆ ಕಡಲುಗಳು ಮುಂದೆ ಕಾಣುವ ಬಿಸಿಯನ್ನು ಇಲ್ಲಿಯ ಹವಳ ಈಗಲೇ ಕಂಡಿದೆ. ಹೇಗೆ ತಾಳಿಕೊಂಡಿತು ಎನ್ನುವುದೇ ನಮ್ಮೆಲ್ಲರ ಪ್ರಶ್ನೆ.

ಪೂರ್ತಿ ತಾಳಿಕೊಂಡಿದೆ ಎಂದೂ ಹೇಳಲಾರೆ. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಅದೇ ಅದಕ್ಕೆ ಊಟ, ಅದೇ ಬಣ್ಣ. ನೀರು ಮಿತಿ ಮೀರಿ ಕಾದರೆ ಹವಳ ಆ ಪಾಚಿಯನ್ನು ಹೊರಗೆ ಹಾಕುತ್ತದೆ, ಬಿಳಿಚುತ್ತದೆ, ಹಸಿವಿನಿಂದ ಸಾಯುತ್ತದೆ. 2010ರಲ್ಲಿ ಥುವಲ್ ಎದುರಿನ ದಂಡೆಗಳಲ್ಲೇ ಇದು ಆಯಿತು. 2015ರಲ್ಲಿ ಕೆಂಪು ಸಮುದ್ರದಲ್ಲಿ ಮತ್ತೆ. ಉತ್ತರ ತುದಿಯ ಅಕಾಬಾ ಕೊಲ್ಲಿಯ ಹವಳ ಮಾತ್ರ ಹೆಚ್ಚು ಗಟ್ಟಿ.

ಲ್ಯಾಬಿನಿಂದ ಬಂದರಿಗೆ ನಡೆದು ಹೋಗಬಹುದು. ಬೆಳಿಗ್ಗೆ ಏಳಕ್ಕೆ ದೋಣಿ ಹತ್ತಿದರೆ ಹತ್ತು ಗಂಟೆಯೊಳಗೆ ಮಾದರಿ ತಂದು ಸೂಕ್ಷ್ಮದರ್ಶಕದ ಕೆಳಗೆ ಇಡಬಹುದು. ಬೇರೆ ದೇಶದ ಗೆಳೆಯರು ಇಷ್ಟಕ್ಕೆ ವಿಮಾನ ಹತ್ತಬೇಕು. ಲೆಕ್ಕಕ್ಕೆ 'ಶಾಹೀನ್' ಎಂಬ ಸೂಪರ್ ಕಂಪ್ಯೂಟರ್ ಇದೆ, ಹೆಸರಿನ ಅರ್ಥ ಡೇಗೆ ಹಕ್ಕಿ. ಅದರ ಎರಡನೆಯದು 2015ರಲ್ಲಿ ಜಗತ್ತಿನ ಏಳನೇ ವೇಗದ್ದಾಗಿತ್ತು. ಕೆಂಪು ಸಮುದ್ರದ ನೀರು ಎತ್ತ ಹರಿಯುತ್ತದೆ, ಎಲ್ಲಿ ಕಾಯುತ್ತದೆ ಎಂಬ ಲೆಕ್ಕ ಅದರಲ್ಲಿ ಓಡುತ್ತದೆ.

ಕ್ಯಾಂಪಸ್ಸಿನ ದಂಡೆಯಲ್ಲಿ ಕಾಂಡ್ಲ (ಮ್ಯಾಂಗ್ರೋವ್) ಕಾಡು ಉಳಿಸಿಕೊಂಡಿದ್ದಾರೆ. ಮೊದಲ ವಾರ ಮನೆ ನೆನಪಾಗಿ ಅತ್ತದ್ದು ನಾನು ಅಲ್ಲೇ. ಕಾಂಡ್ಲದ ಬೇರು, ಕೆಸರಿನ ವಾಸನೆ, ಏಡಿ ಓಡುವುದು ಎಲ್ಲ ನಮ್ಮ ಅಳಿವೆಯ ಹಾಗೇ. ಅದನ್ನು ನೋಡಿದ ಮೇಲೆ ನನಗೆ ಆ ಕಡಲು ಪರದೇಶ ಅನಿಸಲಿಲ್ಲ. ರಜೆಗೆ ಬಂದಾಗ ಮುರುಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಮುಳುಗಿ ನೋಡಿದೆ. ನಮ್ಮಲ್ಲೂ ಹವಳ ಇದೆ. ಅದರ ಮೇಲೆ ಕೆಲಸ ಮಾಡುವುದು ನನ್ನ ಆಸೆ.

ಕಲ್ಪಾಕ್ಕಂ ಹುಡುಗ | ಭಾನುವಾರ, ಸಂಜೆ 6:40

ನಾನು ಬೆಳೆದದ್ದು ಇಂಥದ್ದೇ ಒಂದು ಊರಲ್ಲಿ. ಚೆನ್ನೈ ದಕ್ಷಿಣಕ್ಕೆ ಕಡಲ ದಂಡೆಯ ಕಲ್ಪಾಕ್ಕಂ. ಅಣುವಿಜ್ಞಾನಕ್ಕೆ ಅಂತಲೇ ಕಟ್ಟಿದ ಟೌನ್‌ಶಿಪ್. ಅಪ್ಪ ಅಲ್ಲಿ ಕೆಲಸದಲ್ಲಿದ್ದರು.

ಮಕ್ಕಳಿಗೆ ಅದು ಸ್ವರ್ಗ. ಶಾಲೆ, ಆಟದ ಬಯಲು, ಲೈಬ್ರರಿ, ಎಲ್ಲ ಸೈಕಲ್ ದೂರದಲ್ಲಿ. ಪಕ್ಕದ ಮನೆಯ ಮಾಮನ ಹತ್ತಿರ ಲೆಕ್ಕ ಕೇಳಿದರೆ ಅವರು ರಿಯಾಕ್ಟರನ್ನು ತಣ್ಣಗಿಡುವ ಸೋಡಿಯಂ ಹೇಗೆ ಹರಿಯುತ್ತದೆ ಅಂತಲೂ ಹೇಳಿಕೊಡುತ್ತಿದ್ದರು. 1985ರಲ್ಲಿ ಅಲ್ಲಿಯ 'ಫಾಸ್ಟ್ ಬ್ರೀಡರ್' ಪರೀಕ್ಷಾ ಅಣು ರಿಯಾಕ್ಟರ್ ಶುರುವಾದ ದಿನದ ಕಥೆಯನ್ನು ನಾವು ಅಜ್ಜಿ ಕಥೆಯ ಹಾಗೆ ಕೇಳಿ ಬೆಳೆದೆವು. ಕನ್ನಡ, ತಮಿಳು, ಮರಾಠಿ, ಬಂಗಾಳಿ ಎಲ್ಲರ ಮನೆಯ ತಿಂಡಿಯೂ ಗೊತ್ತಿತ್ತು.

ಆದರೆ ಆ ಊರಲ್ಲಿ ಮುದುಕರು ಇರಲಿಲ್ಲ. ಇದು ನನಗೆ ಹೊಳೆದದ್ದು ತುಂಬ ತಡವಾಗಿ. ಅಪ್ಪನಿಗೆ ನಿವೃತ್ತಿಯಾದ ಮೇಲೆ ಕ್ವಾರ್ಟರ್ಸ್ ಬಿಡಬೇಕಾಯಿತು. 22 ವರ್ಷ ಇದ್ದ ಮನೆಯನ್ನು ಒಂದು ಲಾರಿಯಲ್ಲಿ ತುಂಬಿಕೊಂಡು ಬಂದೆವು. ಈಗ ನಾನು ಅಲ್ಲಿಗೆ ಹೋದರೆ ಗೇಟಿನಲ್ಲಿ ಪಾಸ್ ಕೇಳುತ್ತಾರೆ. ಹುಟ್ಟೂರು ಯಾವುದು ಅಂದರೆ ಏನು ಹೇಳಬೇಕು ಅಂತ ಈಗಲೂ ತಡವರಿಸುತ್ತೇನೆ.

ಇನ್ನೊಂದು. 2004ರ ಡಿಸೆಂಬರ್ 26, ಭಾನುವಾರ ಬೆಳಿಗ್ಗೆ. ಸುನಾಮಿ ಟೌನ್‌ಶಿಪ್ಪಿನೊಳಗೇ ನುಗ್ಗಿತು. ರಿಯಾಕ್ಟರ್ ಪಂಪ್‌ಹೌಸಿಗೆ ನೀರು ಬಂದಾಗ ಕೆಲಸದಲ್ಲಿದ್ದವರು ಕೂಡಲೇ ಸುರಕ್ಷಿತವಾಗಿ ನಿಲ್ಲಿಸಿದರು. ರಿಯಾಕ್ಟರಿಗೆ ಏನೂ ಆಗಲಿಲ್ಲ. ಆದರೆ ದಂಡೆಯ ಮನೆಗಳಲ್ಲಿ ಸಾವುಗಳಾದವು. ನಮಗೆ ಗೊತ್ತಿದ್ದವರೂ ಹೋದರು. ಆ ದಿನಗಳಲ್ಲಿ ಯಾರೂ ಯಾರ ಹುದ್ದೆ, ಯಾರ ಭಾಷೆ ಎಂದು ನೋಡಲಿಲ್ಲ. ನಾವೆಲ್ಲ ಒಂದು ಊರಿನವರು ಅಂತ ನನಗೆ ಅನಿಸಿದ್ದು ಅವತ್ತೇ ಮೊದಲು.

ಟೀಚರ್ ಅವರೇ, ಮಗಳನ್ನು ಖಂಡಿತ ಕಳಿಸಿ. ವರ್ಷಕ್ಕೊಂದು ಸಲ ಕೋಟಕ್ಕೆ ಬಂದು ಹೋಗಲಿ ಅಷ್ಟೇ. ಅವಳಿಗೆ ಮುದುಕರಿರುವ ಊರೊಂದು ಇದೆಯಲ್ಲ.

ಕೆಂಪುಕಡಲು | ಭಾನುವಾರ, ರಾತ್ರಿ 8:00

ಕಲ್ಪಾಕ್ಕಂ ಅವರೇ, ನಾನು ಇವತ್ತು ಬರೆಯಬೇಕು ಎಂದುಕೊಂಡದ್ದನ್ನೇ ನೀವು ಹೇಳಿದಿರಿ. ಥುವಲ್‌ನಲ್ಲೂ ಹಾಗೇ. ವೀಸಾ ಇರುವುದು ಕೆಲಸ ಅಥವಾ ಓದಿನ ಮೇಲೆ. ಅದು ಮುಗಿದರೆ ಮನೆಯೂ ಮುಗಿಯಿತು. ಪ್ರತಿ ಜೂನ್‌ನಲ್ಲಿ ಯಾರಾದರೂ ಹೊರಡುತ್ತಾರೆ. ಸೋಫಾ, ಸೈಕಲ್, ಹೂಕುಂಡ ಎಲ್ಲ ಕೈ ಬದಲಾಗುತ್ತದೆ. ನನ್ನ ದೊಡ್ಡ ಮಗ ಆರು ವರ್ಷದಲ್ಲಿ ನಾಲ್ಕು ಜೀವದ ಗೆಳೆಯರನ್ನು ಕಳಿಸಿಕೊಟ್ಟ. ಐದನೆಯವನು ಬಂದಾಗ "ಇವನು ಎಷ್ಟು ವರ್ಷ ಇರ್ತಾನೆ ಅಮ್ಮ?" ಎಂದು ಕೇಳಿದ್ದ.

ಜೊತೆಗೆ ಬರುವ ಹೆಂಡತಿ ಅಥವಾ ಗಂಡನಿಗೂ ಕಷ್ಟ. ನಾನು ಇಲ್ಲಿ ಬ್ಯಾಂಕ್ ಕೆಲಸ ಬಿಟ್ಟು ಹೋದವಳು. ಅಲ್ಲಿ ನನಗೆ ಕೆಲಸ ಸಿಗಲು ಮೂರು ವರ್ಷ ಬೇಕಾಯಿತು. ನಿಮ್ಮ ಮಗಳಿಗೆ ಮುಂದೆ ಮದುವೆ ವಿಚಾರ ಬಂದಾಗ ಇದು ನೆನಪಿರಲಿ.

ಆದರೂ ಆ ಆರು ವರ್ಷ ನನಗೆ ನಷ್ಟ ಅನಿಸಿಲ್ಲ. ಒಂದೇ ಬೀದಿಯಲ್ಲಿ ಮೆಕ್ಸಿಕೋದವರು, ಈಜಿಪ್ಟಿನವರು, ಚೀನಾದವರು. ನಮ್ಮ ಮನೆಯ ದೀಪಾವಳಿಗೆ ಸೌದಿ ಹುಡುಗಿಯರು ಬಂದು ರಂಗೋಲಿ ಕಲಿತರು. ಅವರಲ್ಲಿ ಇಬ್ಬರು ಅವರ ಕುಟುಂಬದಲ್ಲೇ ಪಿಎಚ್.ಡಿ. ಮಾಡಿದ ಮೊದಲ ಹೆಣ್ಣುಮಕ್ಕಳು. ಬಯಲುಸೀಮೆಯವರೇ, ಗೇಟಿನ ಒಳಗೊಂದು ಕಾನೂನು ಅಂದಿರಿ. ಅದು ನಿಜ. ಒಳಗೆ ನಡೆದದ್ದು ಆಮೇಲೆ ಹೊರಗೂ ಬಂತು ಎನ್ನುವುದನ್ನು ನಾನು ಕಣ್ಣಾರೆ ಕಂಡೆ. 2018ರಲ್ಲಿ ಜೆಡ್ಡಾ ರಸ್ತೆಯಲ್ಲಿ ಕಾರು ಓಡಿಸಿದಾಗ ಪಕ್ಕದ ಕಾರಿನ ಹುಡುಗಿ ನನಗೆ ಕೈ ಬೀಸಿದಳು. ನನಗೆ ಗಂಟಲು ಕಟ್ಟಿತು.

ಬಯಲುಸೀಮೆ | ಭಾನುವಾರ, ರಾತ್ರಿ 8:50

ಹವಳ ಅವರು ಹೇಳಿದ್ದು ಮನಸ್ಸಿಗೆ ಹಿಡಿಸಿತು. ಆ ಜಾಗದ ಕಷ್ಟವೇ ಆ ಜಾಗದ ವಿಜ್ಞಾನ ಆಗಿದ್ದರೆ ನಾನು ಒಪ್ಪುತ್ತೇನೆ. ಗೇಟಿನ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಇನ್ನೂ ಬದಲಾಗಿಲ್ಲ.

ಪೊರೆ | ಸೋಮವಾರ, ಬೆಳಿಗ್ಗೆ 6:20

ನಿಮ್ಮ ಮಗಳ ವಿಷಯವೇ ನನ್ನ ವಿಷಯ ಟೀಚರ್. ನೀರು ಶುದ್ಧ ಮಾಡುವ ಪೊರೆಗಳ ಮೇಲೆ 11 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಚಿಕ್ಕಪ್ಪನವರಿಗೆ ಅರ್ಥವಾಗುವ ಹಾಗೆ ಹೇಳ್ತೀನಿ.

ಮಾವಿನ ಮಿಡಿಗೆ ಉಪ್ಪು ಹಾಕಿ ಭರಣಿಯಲ್ಲಿಟ್ಟರೆ ಮಿಡಿ ಚಿರುಟಿ ನೀರು ಬಿಡುತ್ತದಲ್ವಾ? ಮಿಡಿಯ ಒಳಗಿನ ನೀರು ತಾನಾಗಿ ಉಪ್ಪಿನ ಕಡೆಗೆ ಹೋಗುತ್ತದೆ. ನಾವು ಮಾಡುವುದು ಇದರ ಉಲ್ಟಾ. ಉಪ್ಪು ನೀರನ್ನು ತೆಳು ಪೊರೆಯ ಮೇಲೆ ಬಲವಾಗಿ ಒತ್ತಿ, ನೀರು ಮಾತ್ರ ಆಚೆ ಹೋಗುವ ಹಾಗೆ ಮಾಡುತ್ತೇವೆ. ಉಪ್ಪು ಈಚೆಯೇ ಉಳಿಯುತ್ತದೆ. ಒತ್ತಡ ಗಾಳಿಯ ಒತ್ತಡದ 60 ಪಟ್ಟಿನಷ್ಟು ಬೇಕು. ಉಪ್ಪು ಜಾಸ್ತಿಯಾದರೆ ಒತ್ತಡವೂ ಜಾಸ್ತಿ. ಇವತ್ತಿನ ಒಳ್ಳೆಯ ಘಟಕಗಳಲ್ಲಿ 1,000 ಲೀಟರ್ ಸಿಹಿನೀರಿಗೆ ಸುಮಾರು 3ರಿಂದ 4 ಯೂನಿಟ್ ಕರೆಂಟು. ಪ್ರಕೃತಿಯ ನಿಯಮದ ಪ್ರಕಾರ ಕನಿಷ್ಠ ಸುಮಾರು 1 ಯೂನಿಟ್ ಬೇಕೇ ಬೇಕು. ನಡುವಿನ ಅಂತರ ಕಡಿಮೆ ಮಾಡುವುದು, ಪೊರೆಗೆ ಪಾಚಿ ಕಟ್ಟದ ಹಾಗೆ ನೋಡಿಕೊಳ್ಳುವುದು, ಉಳಿದ ಗಟ್ಟಿ ಉಪ್ಪುನೀರನ್ನು ಕಡಲಿಗೆ ಬಿಟ್ಟಾಗ ಹವಳಕ್ಕೆ ತೊಂದರೆ ಆಗದ ಹಾಗೆ ಮಾಡುವುದು, ಇವೇ ಮಗಳ ಮುಂದಿರುವ ಕೆಲಸ.

ಸೌದಿಯಲ್ಲಿ ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಕಡಲ ನೀರನ್ನು ಸಿಹಿ ಮಾಡುವುದರಲ್ಲಿ ಅದು ಜಗತ್ತಿಗೇ ಮೊದಲು. ಆ ಕ್ಯಾಂಪಸ್ಸಿನ ನಲ್ಲಿಯಲ್ಲಿ ಬರುವುದೂ ಅದೇ ನೀರು. ಈ ವಿದ್ಯೆ ಕಲಿಯಲು ಅದಕ್ಕಿಂತ ಸರಿಯಾದ ಜಾಗ ನನಗೆ ಗೊತ್ತಿಲ್ಲ. ನಾನು ಓದಿದ್ದು ಮಳೆ ಬೀಳುವ ದೇಶದಲ್ಲಿ. ಅಲ್ಲಿ ಇದು ಬರೀ ಪಾಠ, ಸೌದಿಯಲ್ಲಿ ಇದು ದಿನದ ಅಗತ್ಯ.

ಎರಡು ಮಾತು ಮಗಳಿಗೆ. ಒಂದು, ಊರು ಎಷ್ಟೇ ಚೆನ್ನಾಗಿರಲಿ, ಐದು ವರ್ಷ ನಿನ್ನ ದಿನ ಹೇಗಿರುತ್ತದೆ ಎನ್ನುವುದು ಗೈಡ್ ಮೇಲೆ ನಿಂತಿದೆ. ಅವರ ಈಗಿನ ವಿದ್ಯಾರ್ಥಿಗಳಲ್ಲಿ ಇಬ್ಬರ ಹತ್ತಿರ ಮಾತಾಡು. "ಪ್ರಯೋಗ ಕೈಕೊಟ್ಟಾಗ ಅವರು ಏನು ಮಾಡುತ್ತಾರೆ" ಎಂದು ಕೇಳು. ಎರಡು, ಪ್ರಮಾಣಪತ್ರಗಳಿಗೆ ಮುದ್ರೆ ಹಾಕಿಸುವ ಕೆಲಸ ಇವತ್ತೇ ಶುರು ಮಾಡು. ನನ್ನ ತಂಗಿಯ ಮೂಲ ಅಂಕಪಟ್ಟಿಯನ್ನು ಒಬ್ಬ ಏಜೆಂಟರು ಮೂರು ವಾರ ಎಲ್ಲೋ ಇಟ್ಟು ಮರೆತಿದ್ದರು. ಅವಳ ಪ್ರಯಾಣ ಮುಂದೆ ಹೋಯಿತು. ಪ್ರತಿಯೊಂದಕ್ಕೂ ರಸೀದಿ ತಗೋ.

ಕೋಟದ ಟೀಚರ್ | ಸೋಮವಾರ, ರಾತ್ರಿ 9:35

ಎಲ್ಲರ ಬರಹವನ್ನೂ ಊಟದ ಹೊತ್ತಿಗೆ ಗಟ್ಟಿಯಾಗಿ ಓದಿದೆ. ಚಿಕ್ಕಪ್ಪ ಕೇಳಿಸಿಕೊಂಡು ಕೂತಿದ್ದರು. ಮಿಡಿ ಭರಣಿಯ ಮಾತು ಬಂದಾಗ ಅತ್ತೆ "ಇಷ್ಟೇಯಾ ಅವಳ ಓದು!" ಅಂದರು. ನಮ್ಮ ಬಾವಿ ಏಪ್ರಿಲ್ ಬಂದರೆ ಸವಳಾಗುತ್ತದೆ. ಎರಡು ತಿಂಗಳು ಪಂಚಾಯಿತಿ ಟ್ಯಾಂಕರಿಗೆ ಕಾಯಬೇಕು. ಮಗಳು ಈ ವಿಷಯ ಆರಿಸಿಕೊಂಡದ್ದು ಅದನ್ನು ನೋಡಿಯೇ ಅಂತ ನಮಗೆ ಇವತ್ತು ಗೊತ್ತಾಯಿತು. ಇಷ್ಟು ದಿನ ಅವಳೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಚಿಕ್ಕಪ್ಪ ಇನ್ನೂ ಹೂಂ ಅಂದಿಲ್ಲ. ಆದರೆ ಜೆಡ್ಡಾದಲ್ಲಿ ಅವರ ಹಳೆಯ ರೂಮ್‌ಮೇಟ್ ಇದ್ದಾರಂತೆ, ನಾಳೆ ಫೋನ್ ಮಾಡ್ತೀನಿ ಅಂದರು.

ಹವಳ, ನಿನಗೊಂದು ಪ್ರಶ್ನೆ. ಅವಳು ನಿನ್ನ ಜೊತೆ ಫೋನಿನಲ್ಲಿ ಮಾತಾಡಬಹುದಾ? ಮತ್ತೆ ಉಪ್ಪಿನಕಾಯಿ ತರಲು ಬಿಡುತ್ತಾರಾ ಅಂತ ಅತ್ತೆ ಕೇಳುತ್ತಿದ್ದಾರೆ.

ಹವಳ | ಸೋಮವಾರ, ರಾತ್ರಿ 10:10

ಖಂಡಿತ ಆಂಟಿ, ಒಳಪೆಟ್ಟಿಗೆಯಲ್ಲಿ ನಂಬರ್ ಕಳಿಸಿದ್ದೇನೆ. ಶುಕ್ರವಾರ, ಶನಿವಾರ ನಮಗೆ ರಜೆ, ಆವಾಗ ಮಾಡಲಿ. ಉಪ್ಪಿನಕಾಯಿ ನಾನು ಪ್ರತಿ ಸಲ ತಂದಿದ್ದೇನೆ. ಗಾಜಿನ ಬಾಟಲಿ ಬೇಡ. ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಕವರ್ ಹಾಕಿ ದೊಡ್ಡ ಪೆಟ್ಟಿಗೆಯಲ್ಲೇ ಇಡಿ, ಕೈಚೀಲದಲ್ಲಿ ಬೇಡ. ಅತ್ತೆಗೆ ಹೇಳಿ, ಎರಡು ಡಬ್ಬಿ ಮಾಡಲಿ. ಇಲ್ಲಿ ಅಪ್ಪೆಮಿಡಿ ನೋಡಿ ಎಂಟು ತಿಂಗಳಾಯಿತು.